ಬಿಟ್ಟಿಗೆ ಇಟ್ಟ ಹೊಸ ಹೆಸರು

ಮುಯ್ಯಾಳು ಎಂದರೇನೆಂಬುದನ್ನು ಮಲೆನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ನಾಟಿಯ ದಿನ ಒಬ್ಬರ ಗದ್ದೆಗೆ ನೆರೆಮನೆಗಳವರೆಲ್ಲ ಇಳಿಯುತ್ತಾರೆ. ಕೂಲಿಯ ಮಾತಿಲ್ಲ. ಆದರೆ ಅಂದಿನ ಊಟ ಗದ್ದೆಯವರದು. ಮುಂದಿನ ವಾರ ನೆರೆಯವರ ಗದ್ದೆಗೆ ಅವರೂ ಇಳಿಯಲೇಬೇಕು. ಜಾರಿಕೊಂಡವರ ಗದ್ದೆಗೆ ಮರುವರ್ಷ ಆಳು ಬರುವುದಿಲ್ಲ. ಹಣ ಕೈಬದಲಾಗದಿದ್ದರೂ ಇಲ್ಲಿ ಲೆಕ್ಕವಿದೆ, ಋಣವಿದೆ, ಋಣ ತೀರಿಸದವರಿಗೆ ಊರಿನ ದಂಡನೆಯೂ ಇದೆ. ಅದೇ ಊರುಗಳ ನೆನಪಿನಲ್ಲಿ ಇನ್ನೊಂದು ಪದವೂ ಉಳಿದಿದೆ: ಬಿಟ್ಟಿ. ಸಾಹೇಬರ ಸವಾರಿ ಬಂದಾಗ ಹೊರೆ ಹೊತ್ತವರಿಗೆ, ಒಡೆಯರ ಮನೆಯ ಮದುವೆಗೆ ಸೌದೆ ಒಡೆದವರಿಗೆ ಮರಳಿ ಬರುತ್ತಿದ್ದದ್ದು ಏನೂ ಇಲ್ಲ. ಮುಯ್ಯಿಯೂ ಕೂಲಿಯಿಲ್ಲದ ದುಡಿಮೆ, ಬಿಟ್ಟಿಯೂ ಕೂಲಿಯಿಲ್ಲದ ದುಡಿಮೆ. ಆದರೆ ಇವೆರಡನ್ನು ಒಂದೇ ಹೆಸರಿನಿಂದ ಕರೆಯುವ ಜಾಣತನವನ್ನು ಹಳ್ಳಿಗರು ಎಂದೂ ತೋರಲಿಲ್ಲ. ಆ ಜಾಣತನ ಸರಕಾರದ್ದು, ಸಂಘಸಂಸ್ಥೆಗಳದ್ದು. ಬಿಟ್ಟಿಗೆ ಅವು ಇಟ್ಟಿರುವ ಹೊಸ ಹೆಸರು ಸ್ವಯಂಸೇವೆ.

ಈ ಮಾತು ಕಟುವಾಯಿತೆಂದು ಭಾವಿಸುವವರು ಆಶಾ ಕಾರ್ಯಕರ್ತೆಯರ ಇಪ್ಪತ್ತು ವರ್ಷಗಳ ಕಥೆಯನ್ನು ಒಮ್ಮೆ ಪರಿಶೀಲಿಸಬೇಕು. 2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಪ್ರತಿ ಸಾವಿರ ಜನರಿಗೆ ಒಬ್ಬ ಮಹಿಳೆಯನ್ನು ಊರಿನೊಳಗಿನಿಂದಲೇ ಆರಿಸಿಕೊಂಡಿತು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಜನವಸತಿಗೊಬ್ಬರಂತೆ ನೇಮಿಸಿಕೊಳ್ಳುವುದಕ್ಕೂ ಅವಕಾಶವಿತ್ತು. ಆರಂಭದ ಮಾರ್ಗಸೂಚಿಯ ಪ್ರಕಾರ ಆಕೆ ಗೌರವ ಸ್ವಯಂಸೇವಕಿ. ಸಂಬಳಕ್ಕಾಗಲೀ ಗೌರವಧನಕ್ಕಾಗಲೀ ಆಕೆ ಅರ್ಹಳಲ್ಲ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಭರವಸೆಯೂ ಇತ್ತು: ಆಕೆಯ ನಿತ್ಯದ ಜೀವನೋಪಾಯಕ್ಕೆ ಅಡ್ಡಿಯಾಗದಂತೆ ಕೆಲಸವನ್ನು ಹೊಂದಿಸಲಾಗುವುದು. ಸಂಬಳ ಕೊಡಬೇಕಾಗಿಲ್ಲವೆಂಬ ಮಾತನ್ನು ಇಲಾಖೆ ಅಕ್ಷರಶಃ ಪಾಲಿಸಿತು. ಜೀವನೋಪಾಯಕ್ಕೆ ಅಡ್ಡಿಪಡಿಸುವುದಿಲ್ಲವೆಂಬ ಮಾತು ಕಡತದಲ್ಲೇ ಉಳಿಯಿತು. ಗರ್ಭಿಣಿಯರ ನೋಂದಣಿ, ಹೆರಿಗೆಗೆ ಆಸ್ಪತ್ರೆಯ ಜೊತೆ, ಶಿಶುವಿನ ತೂಕ, ಲಸಿಕೆ, ಕ್ಷಯರೋಗಿಗಳ ಮಾತ್ರೆ, ಕುಷ್ಠರೋಗದ ಸಮೀಕ್ಷೆ, ಡೆಂಗಿ ಲಾರ್ವಾ, ಸಕ್ಕರೆ ಕಾಯಿಲೆಯ ಪಟ್ಟಿ. ವರ್ಷಗಳು ಉರುಳಿದಂತೆ ಹೊರೆಯ ಮೇಲೆ ಹೊರೆ. ಹೊರೆ ಹೆಚ್ಚಿದಂತೆ ಹೆಸರೇನೂ ಬದಲಾಗಲಿಲ್ಲ.

ಈ ವ್ಯವಸ್ಥೆಯ ನಿಜಸ್ವರೂಪ ಕಾಣಬೇಕಾದರೆ ಕಾಡಂಚಿನ ಹಳ್ಳಿಗಿಂತ ಮೊದಲು ಬೆಂಗಳೂರಿನ ಕಮ್ಮನಹಳ್ಳಿಯನ್ನು ನೋಡುವುದು ಲೇಸು. ಮಲೆನಾಡಿನಿಂದ ಕೆಲಸ ಅರಸಿ ಹೋದ ಎಷ್ಟೋ ಮಕ್ಕಳು ಬೆಂಗಳೂರಿನ ಪೂರ್ವದ ಇಂಥ ಬಡಾವಣೆಗಳಲ್ಲೇ ಬಾಡಿಗೆಗಿದ್ದಾರೆ. ಆದ್ದರಿಂದ ಅದು ತೀರ ಅಪರಿಚಿತ ಊರೇನಲ್ಲ. ಹೆಸರಿನಲ್ಲಷ್ಟೇ ಹಳ್ಳಿ ಉಳಿದಿರುವ ಈ ಪ್ರದೇಶ ಹೆಣ್ಣೂರು ರಸ್ತೆ, ಲಿಂಗರಾಜಪುರ, ಬಾಣಸವಾಡಿಗಳ ನಡುವೆ ಇಟ್ಟಿಗೆಯ ಮೇಲೆ ಇಟ್ಟಿಗೆಯಾಗಿ ಬೆಳೆದಿದೆ. ಒಂದೇ ಓಣಿಯಲ್ಲಿ ಕನ್ನಡ, ತಮಿಳು, ಉರ್ದು, ಮಲಯಾಳ, ಹಿಂದಿ; ಈಶಾನ್ಯ ರಾಜ್ಯಗಳಿಂದ ಬಂದವರು, ಆಫ್ರಿಕದಿಂದ ಬಂದ ವಿದ್ಯಾರ್ಥಿಗಳು. 2013ರಲ್ಲಿ ಆರಂಭವಾದ ನಗರ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ಒಬ್ಬ ಆಶಾಳಿಗೆ 200ರಿಂದ 500 ಮನೆಗಳು, ಅಂದರೆ ಸಾವಿರದಿಂದ ಎರಡೂವರೆ ಸಾವಿರ ಜನ. ಹಳ್ಳಿಯ ಆಶಾಳಿಗೆ ಊರಿನ ಪ್ರತಿ ಬಸುರಿಯ ತವರುಮನೆಯೂ ಗೊತ್ತು. ಕಮ್ಮನಹಳ್ಳಿಯಂಥಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿಯುತ್ತಿದ್ದಂತೆ ಮನೆ ಖಾಲಿಯಾಗುತ್ತದೆ. ಕಳೆದ ವರ್ಷ ಬರೆದುಕೊಂಡ ಪುಸ್ತಕ ಈ ವರ್ಷ ನಿರುಪಯೋಗಿ. ಹೊಸ ಬಾಡಿಗೆದಾರರ ಬಾಗಿಲು ಮತ್ತೆ ತಟ್ಟಬೇಕು, ಹಗಲು ಕೆಲಸಕ್ಕೆ ಹೋದವರಿಗಾಗಿ ಸಂಜೆ ಮತ್ತೆ ಬರಬೇಕು, ಮೂರನೆಯ ಮಹಡಿಯ ತಗಡಿನ ಕೋಣೆಯವರೆಗೂ ಹತ್ತಬೇಕು.

ಇಷ್ಟಕ್ಕೆ ಸಿಗುವುದೇನು? ತಿಂಗಳ ಸಂಬಳವಲ್ಲ, ತುಂಡು ಲೆಕ್ಕದ ಪ್ರೋತ್ಸಾಹಧನ. ಮಗುವಿಗೆ ಮೊದಲ ವರ್ಷದ ಎಲ್ಲ ಲಸಿಕೆಗಳೂ ಪೂರ್ಣವಾದರೆ 100 ರೂ. ಎಂಬ ದರವನ್ನೇ ಗಮನಿಸಬಹುದು. ಆರು ತಿಂಗಳ ಲಸಿಕೆ ಹಾಕಿಸಿದ ಬಳಿಕ ಆ ಕುಟುಂಬ ಕಮ್ಮನಹಳ್ಳಿ ಬಿಟ್ಟು ಕೆ.ಆರ್. ಪುರಕ್ಕೆ ಹೋದರೆ, ಆ ಆರು ತಿಂಗಳು ಓಡಾಡಿದವಳಿಗೆ ಸಿಗುವುದು ಸೊನ್ನೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಬಾರಿ ಹೋಗಿ ಬಂದರೆ 250 ರೂ. ಭೇಟಿಯೊಂದಕ್ಕೆ ನಲವತ್ತೆರಡು ರೂಪಾಯಿಯೂ ಬೀಳುವುದಿಲ್ಲ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂ. ಆಗಿತ್ತು. ಗುಂಡಿ ತೋಡುವ ಒಂದು ದಿನದ ಕೂಲಿಯಷ್ಟೂ ಆರು ಭೇಟಿಗಳ ಬಾಣಂತನಕ್ಕೆ ಇಲ್ಲ. ಗುಂಡಿ ತೋಡುವವರ ಕೂಲಿ ಹೆಚ್ಚಾಯಿತೆಂದು ಇದರ ಅರ್ಥವಲ್ಲ!

ಇದರ ಮೇಲೆ ಕಂಪ್ಯೂಟರಿನ ಕಾಟ. ಮಾಡಿದ ಕೆಲಸ ತಾಯಿ–ಮಗುವಿನ ಆರ್‌ಸಿಎಚ್ ಪೋರ್ಟಲ್‌ನಲ್ಲಿ ದಾಖಲಾದರೆ ಮಾತ್ರ ಅದಕ್ಕೆ ಹಣ. ದಾಖಲಿಸುವವರು ಬೇರೆ, ದಾಖಲಾಗದಿದ್ದರೆ ನಷ್ಟ ಅನುಭವಿಸುವವಳು ಬೇರೆ. ದುಡಿದದ್ದು ಸಾಬೀತಾದರೂ ದಾಖಲಾಗಿಲ್ಲವೆಂಬ ಕಾರಣಕ್ಕೆ ಕೂಲಿ ತಪ್ಪುವ ಇಂಥ ಏರ್ಪಾಟನ್ನು ಅಡಿಕೆ ತೋಟದ ಯಾವ ಯಜಮಾನನಾದರೂ ತನ್ನ ಕೊನೆಗಾರನ ಮೇಲೆ ಹೇರಿದರೆ, ಮರುದಿನ ಅವನ ತೋಟಕ್ಕೆ ಯಾರೂ ಕಾಲಿಡಲಾರರು. ಪೋರ್ಟಲ್‌ನಿಂದ ಹಣಪಾವತಿಯನ್ನು ಬೇರ್ಪಡಿಸಬೇಕೆಂಬುದು ಆಶಾಗಳ ಹೋರಾಟದ ಹಳೆಯ ಬೇಡಿಕೆಗಳಲ್ಲೊಂದು.

ಕೋವಿಡ್ ಬಂದಾಗ ಈ ಹೆಂಗಸರಿಗೆ ಏಕಾಏಕಿ ‘ಯೋಧೆ’ಯರೆಂಬ ಬಿರುದು ಸಿಕ್ಕಿತು. ಚಪ್ಪಾಳೆ, ಹೂಮಳೆಗಳ ಜೊತೆ ಕೇಂದ್ರದಿಂದ ಬಂದದ್ದು ತಿಂಗಳಿಗೆ 1,000 ರೂ. ಹೆಚ್ಚುವರಿ. 2020ರ ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನ ಹೆಗಡೆನಗರದ ಸಾದಿಕ್ ಬಡಾವಣೆಯಲ್ಲಿ ಸಮೀಕ್ಷೆಗೆ ಹೋಗಿದ್ದ ಆಶಾ ಕಾರ್ಯಕರ್ತೆಯನ್ನು ಗುಂಪೊಂದು ಸುತ್ತುಗಟ್ಟಿ, ಕೈಚೀಲ, ಫೋನು ಕಸಿದುಕೊಂಡಿತು. ಹಲ್ಲೆ ನಡೆಸಿದವರನ್ನು ಪೊಲೀಸರು ಬಂಧಿಸಿದರು, ಅದು ಸರಿಯೇ. ಆದರೆ ಪೌರತ್ವ ಪಟ್ಟಿಯ ಭೀತಿ ಇನ್ನೂ ಆರದಿದ್ದ ಆ ದಿನಗಳಲ್ಲಿ, ಮನೆಯಲ್ಲಿ ಎಷ್ಟು ಜನ, ಎಲ್ಲಿಂದ ಬಂದಿರಿ ಎಂದು ಕೇಳುವ ಕಾಗದವನ್ನು ಹಿಡಿಸಿ ಆಕೆಯನ್ನು ಬೀದಿಗೆ ಕಳುಹಿಸಿದವರ ಹೊಣೆಯ ಬಗೆಗೆ ಚರ್ಚೆಯೇ ಆಗಲಿಲ್ಲ. ಜನರ ಭಯವನ್ನು ಮೊದಲೇ ತಿಳಿಗೊಳಿಸುವ ಕೆಲಸ ಕಚೇರಿಯಲ್ಲಿ ಕುಳಿತವರದಾಗಿತ್ತು. ಆ ಭಯದ ಏಟು ತಿಂದದ್ದು ಸಂಬಳವಿಲ್ಲದ ಸ್ವಯಂಸೇವಕಿ. ಸಂಘಟನೆಯೊಂದರ ಮುಖವಾಗಿ ಜನರೆದುರು ನಿಲ್ಲುವವರು ಆ ಸಂಘಟನೆಯ ಪಾಪಗಳನ್ನೂ ಹೊರಬೇಕಾಗುತ್ತದೆ. ಅದರ ಸವಲತ್ತುಗಳು ಮಾತ್ರ ಅವರಿಗೆ ತಲುಪುವುದಿಲ್ಲ.

ಅದೇ ವರ್ಷದ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾಗಳು ಕೆಲಸ ನಿಲ್ಲಿಸಿದರು. ಕೇಳಿದ್ದು ತಿಂಗಳಿಗೆ 12,000 ರೂ. ನಿಶ್ಚಿತ ವೇತನ ಮತ್ತು ರಕ್ಷಣಾ ಸಾಮಗ್ರಿ. ಆಗ ರಾಜ್ಯ ಸರಕಾರ ಕೊಡುತ್ತಿದ್ದ ನಿಶ್ಚಿತ ಗೌರವಧನ 4,000 ರೂ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವ ಪ್ರಶಸ್ತಿ ನೀಡಿತು. ಪ್ರಶಸ್ತಿಗೆ ಅಭಿನಂದನೆಗಳ ಸುರಿಮಳೆಯಾಯಿತು, ಬೇಡಿಕೆಗಳು ಇದ್ದಲ್ಲೇ ಇದ್ದವು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕುಳಿತ ಬಳಿಕ, ಏಪ್ರಿಲ್‌ನಿಂದ ಕನಿಷ್ಠ 10,000 ರೂ. ಎಂಬ ಮಾತನ್ನು ಮುಖ್ಯಮಂತ್ರಿಗಳು ಕೊಟ್ಟರು. ಮಾತು ನಡೆದಿಲ್ಲವೆಂದು ಆಗಸ್ಟ್‌ನಲ್ಲಿ ಮತ್ತೆ ಧರಣಿ. ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯೇ ಐದಾಗಿ ಒಡೆಯಿತು. ಕಚೇರಿಗಳ ಫಲಕಗಳಿಗೆ ಹೊಸ ಬಣ್ಣ ಬಂತು. ಬಾಗಿಲು ತಟ್ಟುವವಳು ಮಾತ್ರ ಹಳಬಳೇ, ಹಳೆಯ ಹೆಸರಿನವಳೇ.

ಈಗ ಘಟ್ಟದ ಕಡೆಗೆ ಬರೋಣ. ಕಮ್ಮನಹಳ್ಳಿಯಲ್ಲಿ ಮಹಡಿ ಹತ್ತುವವಳ ಅಕ್ಕತಂಗಿಯರೇ ಇಲ್ಲಿ ಗುಡ್ಡ ಹತ್ತುವವರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. 2018ರ ಕೊನೆಯಿಂದ ಸಾಗರ ತಾಲೂಕಿನ ಅರಳಗೋಡು ಅನುಭವಿಸಿದ ಸಾವುನೋವು, 2024ರಲ್ಲಿ ಸಿದ್ದಾಪುರದ ಕಡೆ ಮರುಕಳಿಸಿದ ಕಾಟ ಇನ್ನೂ ಹಸಿಯಾಗಿವೆ. ಈ ರೋಗದ ವಿರುದ್ಧದ ಮೊದಲ ಆಯುಧ ಪ್ರಯೋಗಾಲಯದಲ್ಲಿಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆಯೆಂಬ ಸುದ್ದಿ ಎಷ್ಟು ಬೇಗ ಆರೋಗ್ಯ ಕೇಂದ್ರಕ್ಕೆ ಮುಟ್ಟುತ್ತದೆ, ದರಕು ಗುಡಿಸಲು, ಸೊಪ್ಪು ತರಲು ಹೋಗುವವರು ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಂಡಿದ್ದಾರೆಯೇ, ಜ್ವರ ಬಂದವರ ರಕ್ತದ ಮಾದರಿ ಎಂದು ಹೋಯಿತು ಎಂಬುದರ ಮೇಲೆ ಜೀವಗಳು ನಿಂತಿವೆ. ಈ ಮೂರೂ ಕೆಲಸಗಳು ಬಹುಪಾಲು ಆಶಾಳ ಹೆಗಲ ಮೇಲೆ. ಆಕೆ ನಡೆಯುವ ಕಾಲುದಾರಿಯಲ್ಲೂ ಉಣುಗುಗಳಿವೆ.

ಲಸಿಕೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಮಂಗನಕಾಯಿಲೆಯ ಲಸಿಕೆ ತಯಾರಾಗುತ್ತಿದ್ದದ್ದು ಕಮ್ಮನಹಳ್ಳಿಯಿಂದ ಹೆಚ್ಚು ದೂರವಿಲ್ಲದ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ. ತಿಂಗಳ ಅಂತರದಲ್ಲಿ ಎರಡು ಚುಚ್ಚು, ಕೆಲ ತಿಂಗಳ ಬಳಿಕ ಇನ್ನೊಂದು, ಆಮೇಲೂ ವರ್ಷವರ್ಷ. ಚುಚ್ಚಿಸಿಕೊಂಡ ತೋಳು ನೋಯುತ್ತಿದ್ದುದರಿಂದ ಎರಡನೆಯ ಬಾರಿಗೆ ಜನ ತಪ್ಪಿಸಿಕೊಳ್ಳುತ್ತಿದ್ದರು. ಮನೆಮನೆಗೆ ಹೋಗಿ ಒಲಿಸಬೇಕಾದವಳು ಆಶಾ. ಕೊನೆಗೆ, ಲಸಿಕೆಗೆ ಸಾಕಷ್ಟು ಶಕ್ತಿಯಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಲಸಿಕೆ ತಯಾರಿಸಿದ ವಿಜ್ಞಾನಿಗೆ ಸಂಬಳವಿತ್ತು, ಸಾಗಿಸಿದ ಚಾಲಕನಿಗೆ ಸಂಬಳವಿತ್ತು, ಚುಚ್ಚಿದ ದಾದಿಗೆ, ವರದಿ ಬರೆದ ವೈದ್ಯರಿಗೆ ಸಂಬಳವಿತ್ತು. ‘ನೀನೇ ಹೇಳಿ ಹಾಕಿಸಿದೆಯಲ್ಲ ತಂಗಿ’ ಎಂದು ಊರಿನವರು ಕೇಳಿದಾಗ ಉತ್ತರಿಸಬೇಕಾದವಳು ಮಾತ್ರ ಸ್ವಯಂಸೇವಕಿ. ಸರಪಳಿಯ ಎಲ್ಲ ಕೊಂಡಿಗಳಿಗೂ ಬೆಲೆ ಕಟ್ಟಿ, ಭಾರವೆಲ್ಲ ನಿಂತಿರುವ ಕಟ್ಟಕಡೆಯ ಕೊಂಡಿಗೆ ‘ಗೌರವ’ವನ್ನಷ್ಟೇ ಕಟ್ಟುವುದು ಎಂಥ ಆಡಳಿತ ವಿಜ್ಞಾನ?

ಕಾನೂನು ಏನು ಹೇಳುತ್ತದೆ? ಸಂವಿಧಾನದ 23ನೆಯ ವಿಧಿ ಬಿಟ್ಟಿಯನ್ನು ನಿಷೇಧಿಸಿದೆ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಸಿವಿಗೆ ಸೋತು ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ಹೇಳಿತು. ಹಾಗಾದರೆ ಆಶಾಳಿಗೆ, ಅಂಗನವಾಡಿಯವಳಿಗೆ ಕನಿಷ್ಠ ವೇತನವೇಕಿಲ್ಲ? ಆಕೆ ಕಾರ್ಮಿಕಳೇ ಅಲ್ಲವಂತೆ. 2006ರಲ್ಲಿ ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಅಂಗನವಾಡಿ ಕಾರ್ಯಕರ್ತೆಯರದು ಸರಕಾರಿ ಹುದ್ದೆಯಲ್ಲವೆಂದು ತೀರ್ಪಾಯಿತು. ಆದರೆ 2022ರ ಏಪ್ರಿಲ್‌ನಲ್ಲಿ ಅದೇ ಸುಪ್ರೀಂ ಕೋರ್ಟು ಗುಜರಾತಿನ ಪ್ರಕರಣವೊಂದರಲ್ಲಿ, ಅಂಗನವಾಡಿಯವರ ‘ಗೌರವಧನ’ವೂ ವೇತನವೇ, ಅವರು ಉಪದಾನಕ್ಕೆ ಅರ್ಹರು ಎಂದಿತು. ಗೃಹರಕ್ಷಕ ದಳದವರನ್ನೂ ಸ್ವಯಂಸೇವಕರೆಂದೇ ಕರೆಯಲಾಗುತ್ತದೆ. 2015ರಲ್ಲಿ ನ್ಯಾಯಾಲಯ ಅವರನ್ನು ಕಾಯಂಗೊಳಿಸಲು ಒಪ್ಪದಿದ್ದರೂ, ಮೂವತ್ತು ದಿನದ ಭತ್ಯೆ ಪೊಲೀಸ್ ಪೇದೆಯ ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಕೊಡಬೇಕೆಂದಿತು. 2013ರ ಭಾರತೀಯ ಕಾರ್ಮಿಕ ಸಮ್ಮೇಳನವಂತೂ ಆಶಾ, ಅಂಗನವಾಡಿ, ಬಿಸಿಯೂಟದವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಬೇಕೆಂದು ಶಿಫಾರಸು ಮಾಡಿತ್ತು. ಹೆಸರು ಸ್ವಯಂಸೇವಕಿಯೇ ಇದ್ದರೂ ಕೂಲಿ ಕೊಡಲು ಯಾವ ಕಾನೂನೂ ಅಡ್ಡಬಂದಿಲ್ಲ. ಅಡ್ಡಬಂದಿರುವುದು ಮನಸ್ಸು.

ಸೇವೆಯನ್ನು ಹಣದಿಂದ ಅಳೆಯಬಾರದು, ಅವರು ತಾವಾಗಿಯೇ ಬಂದವರಲ್ಲವೇ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹೀಗೆ ಹೇಳುವವರಲ್ಲಿ ತಿಂಗಳ ಕೊನೆಗೆ ಸಂಬಳ ಎಣಿಸದವರು ಅಪರೂಪ. ನಿಜವಾದ ಸ್ವಯಂಸೇವೆ ಇಲ್ಲವೆಂದಲ್ಲ. 2021ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನ ಯುವಕರು ಗೊತ್ತುಗುರಿಯಿಲ್ಲದವರಿಗಾಗಿ ಆಮ್ಲಜನಕ ಹುಡುಕಿದರು, ಬಂಧುಗಳೇ ಮುಟ್ಟಲಂಜಿದ ಶವಗಳಿಗೆ ಮಣ್ಣು ಕೊಟ್ಟರು. ಅವರಿಗೂ ಆಶಾಳಿಗೂ ಇರುವ ವ್ಯತ್ಯಾಸವೊಂದೇ: ‘ನಾಳೆ ಬರುವುದಿಲ್ಲ’ ಎಂದು ಹೇಳುವ ಸ್ವಾತಂತ್ರ್ಯ. ಆ ಯುವಕರು ಮನೆಗೆ ಹೋಗಬಹುದಿತ್ತು. ಆಶಾ ಹಾಗೆ ಹೇಳಿದರೆ ಮೇಲ್ವಿಚಾರಕರ ನೋಟಿಸು, ಕೆಲಸದಿಂದ ತೆಗೆಯುವ ಬೆದರಿಕೆ. ಗುರಿ ನಿಗದಿಪಡಿಸಿ, ಹಾಜರಿ ಕೇಳಿ, ತಪ್ಪಿದರೆ ದಂಡಿಸುವುದಾದರೆ ಅದು ನೌಕರಿ. ನೌಕರಿಯಾದ ಮೇಲೆ ಸಂಬಳ ಕೊಡಬೇಕು. ಬಾರದಿರುವ ಹಕ್ಕಿದ್ದರೆ ಮಾತ್ರ ಅದನ್ನು ಸೇವೆಯೆನ್ನಬಹುದು.

ಇಷ್ಟನ್ನು ಸರಕಾರಕ್ಕೆ ಹೇಳಿ ಸುಮ್ಮನಾಗುವುದು ಸುಲಭ. ಆದರೆ ಪರಿಸರ ಸಂಘಟನೆಗಳು ಇದೇ ಕನ್ನಡಿಯಲ್ಲಿ ಮುಖ ನೋಡಿಕೊಳ್ಳದೆ ಇರಲಾಗದು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಶಿರಸಿ ತಾಲೂಕಿನ ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡಾಗ ಅವರಿಗೆ ಯಾರೂ ದಿನಭತ್ಯೆ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಕಾಡು ಅವರದಾಗಿತ್ತು, ತೀರ್ಮಾನವೂ ಅವರದಾಗಿತ್ತು. ಅದು ಮುಯ್ಯಿ. ಆನಂತರದ ನಾಲ್ಕು ದಶಕಗಳಲ್ಲಿ ಸಂಘಟನೆಗಳಿಗೆ ಕಚೇರಿ ಬಂತು, ಯೋಜನೆ ಬಂತು, ಲೆಕ್ಕಪತ್ರ ಬಂತು. ತೀರ್ಮಾನ ನಿಧಾನವಾಗಿ ಸಭಾಂಗಣದ ವೇದಿಕೆಗೆ ಏರಿತು. ಬ್ಯಾನರು ಕಟ್ಟುವುದು, ಪಾದಯಾತ್ರೆಗೆ ಅನ್ನ ಬೇಯಿಸುವುದು, ಕರಪತ್ರ ಹಂಚುವುದು ಕೆಳಗೇ ಉಳಿಯಿತು.

ಜೀವವೈವಿಧ್ಯ ದಾಖಲಾತಿಯ ಉದಾಹರಣೆ ಸಾಕು. 2002ರ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕಿತ್ತು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿದಾಗ ದೇಶದಾದ್ಯಂತ ಅವಸರದ ಓಟ ಶುರುವಾಯಿತು. ಇಂಥ ದಾಖಲೆಗಳಿಗೆ ಗಿಡದ ಹೆಸರು, ಬೇರಿನ ಗುಣ, ಭತ್ತದ ಹಳೆಯ ತಳಿಗಳನ್ನು ಹೇಳುವವರು ಅಜ್ಜಿಯಂದಿರು, ನಾಟಿವೈದ್ಯರು. ಜಿಗಣೆ ಕಚ್ಚಿಸಿಕೊಂಡು ಬರೆದುಕೊಳ್ಳುವವರು ಕಾಲೇಜು ವಿದ್ಯಾರ್ಥಿಗಳು. ಪುಸ್ತಕದ ಮುಖಪುಟದಲ್ಲಿ ಯಾರ ಹೆಸರಿರುತ್ತದೆಂಬುದನ್ನು ಓದುಗರೇ ತಮ್ಮ ಪಂಚಾಯಿತಿಯ ಕಪಾಟಿನಲ್ಲಿ ನೋಡಿಕೊಳ್ಳಬಹುದು. ಮಾಹಿತಿ ಕೊಟ್ಟವರಿಗೆ ಒಂದು ಪ್ರತಿಯಾದರೂ ತಲುಪಿದೆಯೇ? ವಿದ್ಯಾರ್ಥಿಗೆ ಸಿಕ್ಕಿದ್ದು ಒಂದು ಪ್ರಮಾಣಪತ್ರ, ಒಂದು ಪೊಟ್ಟಣ ಚಿತ್ರಾನ್ನ. ಬಸ್ಸಿನ ಚಾರ್ಜನ್ನು ಅಪ್ಪನ ಅಡಿಕೆ ದುಡ್ಡಿನಿಂದ ಕೊಟ್ಟದ್ದನ್ನು ಯಾವ ವರದಿಯೂ ಬರೆಯುವುದಿಲ್ಲ. ಕಾಡು ಸುತ್ತುವ ಹುಡುಗನಿಗೆ ಹಾವು ಕಡಿದರೆ ಆಸ್ಪತ್ರೆಯ ಖರ್ಚು ಯಾರದು ಎಂಬ ಪ್ರಶ್ನೆ ಶಿಬಿರದ ಮೊದಲ ದಿನ ಏಳುವುದಿಲ್ಲ, ಹಾವು ಕಡಿದ ದಿನ ಏಳುತ್ತದೆ.

ಎಲ್ಲಕ್ಕಿಂತ ನಾಚಿಕೆಯ ವಿಷಯ ನ್ಯಾಯಾಲಯದ ವಾಯಿದೆಗಳದು. ರಸ್ತೆ ತಡೆಯಲ್ಲಿ, ಕಾಮಗಾರಿ ತಡೆಯಲ್ಲಿ ಮುಂದಿನ ಸಾಲಿನಲ್ಲಿ ಕೂತವರ ಮೇಲೆ ಮೊಕದ್ದಮೆ ಬೀಳುತ್ತದೆ. ಪತ್ರಿಕೆಯಲ್ಲಿ ಚಿತ್ರ ಬಂದ ಮುಖಂಡರು ಮುಂದಿನ ಹೋರಾಟಕ್ಕೆ ಹೋಗುತ್ತಾರೆ. ತಾಲೂಕು ನ್ಯಾಯಾಲಯದ ಜಗಲಿಯಲ್ಲಿ ವರ್ಷಗಟ್ಟಲೆ ಹೆಸರು ಕೂಗುವುದನ್ನು ಕಾಯುತ್ತ ನಿಲ್ಲುವವರು ಒಂದೆಕರೆ ಗದ್ದೆಯ ರೈತರು, ಕೂಲಿಯ ಹೆಂಗಸರು, ಪೊಲೀಸ್ ಪರಿಶೀಲನೆಯ ಹೆದರಿಕೆಯಿಂದ ಸರಕಾರಿ ಕೆಲಸಕ್ಕೆ ಅರ್ಜಿ ಹಾಕಲು ಹಿಂಜರಿಯುವ ಹುಡುಗರು. ಒಂದು ವಾಯಿದೆಗೆ ಒಂದು ದಿನದ ಕೂಲಿ ಹೋಯಿತು. ಸೇವೆಯ ಹೆಸರಿನಲ್ಲಿ ಇಲಾಖೆ ಆಶಾಳಿಗೆ ಮಾಡುವುದಕ್ಕೂ ಇದಕ್ಕೂ ಏನು ಅಂತರ? ಇಲಾಖೆಯನ್ನು ಟೀಕಿಸುವ ಕರಪತ್ರವನ್ನೂ ಬಿಟ್ಟಿಯಾಗಿ ಹಂಚಿಸಿಕೊಂಡರೆ ಆ ಕರಪತ್ರಕ್ಕೆ ಕಿಮ್ಮತ್ತೇನು?

ಹಣವಿಲ್ಲವೆಂಬುದು ಸಂಘಟನೆಗಳ ಸಿದ್ಧ ಉತ್ತರ. ಸಂಬಳ ಕೊಡಲು ಹಣವಿಲ್ಲದಿರಬಹುದು. ಮುಯ್ಯಿಗೆ ಹಣ ಬೇಕಿಲ್ಲ. ಬಸ್ಸಿನ ಚಾರ್ಜನ್ನು ಅಂದೇ ಕೈಯಲ್ಲಿ ಇಡುವುದು, ಕಾಡಿಗೆ ಕಳುಹಿಸುವ ಮುನ್ನ ಅಪಘಾತ ವಿಮೆ ಮಾಡಿಸುವುದು, ವರದಿಯಲ್ಲಿ ದುಡಿದವರ ಹೆಸರು ಮೊದಲು ಹಾಕುವುದು, ಲೆಕ್ಕಪತ್ರವನ್ನು ಅವರೆದುರು ಓದುವುದು ಯಾವ ಬಡ ಸಂಘಟನೆಗೂ ಅಸಾಧ್ಯವಲ್ಲ. ಮೊಕದ್ದಮೆ ಮುಗಿಯುವವರೆಗೆ ವಕೀಲರ ಶುಲ್ಕ ಮತ್ತು ವಾಯಿದೆಯ ದಿನದ ಕೂಲಿಗೆಂದು ಚಳವಳಿ ಆರಂಭವಾಗುವ ಮುನ್ನವೇ ಒಂದು ನಿಧಿ ತೆಗೆದಿಡಬೇಕು. ಅದಕ್ಕೂ ಗತಿಯಿಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಮುಖಂಡರೇ ಕೂರಲಿ. ವೇದಿಕೆಯ ಮೇಲಿನ ಕುರ್ಚಿಗಳಲ್ಲಿ ಅರ್ಧ ಬ್ಯಾನರು ಕಟ್ಟಿದವರಿಗೆ ಸಿಗಲಿ. ಕುರ್ಚಿಯ ಬಾಡಿಗೆ ಒಂದೇ.

ಮಂಗನಕಾಯಿಲೆಯ ಕಾಲ ಪ್ರತಿವರ್ಷ ಮಳೆ ನಿಂತು ನೆಲ ಒಣಗುತ್ತಿದ್ದಂತೆ, ನವೆಂಬರ್–ಡಿಸೆಂಬರಿನ ಹೊತ್ತಿಗೆ ತೆರೆದುಕೊಳ್ಳುತ್ತದೆ. ಅದಕ್ಕೂ ಮುನ್ನ ನಡೆಯುವ ಗ್ರಾಮಸಭೆಗಳಲ್ಲಿ ಮಲೆನಾಡಿನ ಪಂಚಾಯಿತಿಗಳು ಒಂದು ನಿರ್ಣಯ ಬರೆಸಬಹುದು: ಕಾಡಂಚಿನ ಆಶಾಗಳಿಗೆ ಉಣುಗಿನ ಎಣ್ಣೆ, ಬೂಟು, ಓಡಾಟದ ಖರ್ಚು ಋತು ಆರಂಭವಾಗುವ ಮೊದಲೇ ಸಿಗಬೇಕು, ಬಾಕಿ ಪ್ರೋತ್ಸಾಹಧನದ ಪಟ್ಟಿಯನ್ನು ವೈದ್ಯಾಧಿಕಾರಿ ಸಭೆಯಲ್ಲಿ ಓದಬೇಕು, ಮುಖ್ಯಮಂತ್ರಿಗಳು ಮಾತು ಕೊಟ್ಟ 10,000 ರೂ. ಯಾರ ಕೈಗೆ ಯಾವ ತಿಂಗಳಿನಿಂದ ಬಂದಿದೆಯೆಂಬುದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ಸಭೆಗೆ ಊರಿನವರನ್ನು ಕರೆಯಲು ಮನೆಮನೆಗೆ ಹೋಗುವ ಕೆಲಸವನ್ನು ಈ ಬಾರಿ ಆಶಾಳಿಗೇ ಹಚ್ಚದೆ, ಸದಸ್ಯರೇ ಮಾಡಲಿ.